ಬೆಂಗಳೂರು–ಮಂಗಳೂರು ವಿಮಾನ: ಬರೀ ಒಂದು ಗಂಟೆ ಅಂದುಕೊಳ್ಳಬೇಡಿ

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ., ಆಕಾಶದಲ್ಲಿ 300ರ ಆಸುಪಾಸು. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ರನ್‌ವೇ ಹತ್ತಿರ ಸರದಿ ಕಾಯುವ ಹೊತ್ತೂ ಅದರಲ್ಲೇ ಸೇರಿದೆ.

ನೀವು ಮನೆಯಿಂದ ಮನೆಗೆ ಲೆಕ್ಕ ಹಾಕಿ. ಜಯನಗರದಿಂದ ವಿಮಾನ ನಿಲ್ದಾಣಕ್ಕೇ 40 ಕಿ.ಮೀ.ಗಿಂತ ಜಾಸ್ತಿ. ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆ ಹೋಯ್ತು. ಚೆಕ್‌ಇನ್, ತಪಾಸಣೆ, ಆಮೇಲೆ ಮಂಗಳೂರು ವಿಮಾನ ನಿಲ್ದಾಣ ಇರುವ ಬಜಪೆಯಿಂದ ಪೇಟೆಗೆ ಟ್ಯಾಕ್ಸಿ. ಎಲ್ಲ ಸೇರಿ ಐದು ಗಂಟೆ ಆಗೇ ಆಗುತ್ತದೆ. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ, ಅದೂ ನಿದ್ದೆಯಲ್ಲೇ ಕಳೆಯುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಬಸ್ಸೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ವಯಸ್ಸಾದವರಿಗೆ, ಘಾಟಿಯ ತಿರುವಿನಲ್ಲಿ ವಾಂತಿ ಆಗುವವರಿಗೆ ವಿಮಾನವೇ ಒಳ್ಳೆಯದು.

ಮಳೆಗಾಲದಲ್ಲಿ ಮಾತ್ರ ಜೋಪಾನ. ಬಜಪೆ ರನ್‌ವೇ ಗುಡ್ಡದ ತಲೆ ಮೇಲಿದೆ. ಮೋಡ ತೀರಾ ಕೆಳಗೆ ಕವಿದು ರನ್‌ವೇ ಕಾಣದಿದ್ದರೆ ಇಳಿಯಲು ಆಗುವುದಿಲ್ಲ. ಒಮ್ಮೆ ಜುಲೈನಲ್ಲಿ ನಾನು ಅಮ್ಮನ ಜೊತೆ ಹೋದಾಗ ವಿಮಾನ ಮೇಲೇ ಸುತ್ತು ಹೊಡೆದು ಬೆಂಗಳೂರಿಗೇ ವಾಪಸ್ ಬಂತು. ಅಮ್ಮನ ಬಿಪಿ ಮಾತ್ರೆ ದೊಡ್ಡ ಸೂಟ್‌ಕೇಸಿನಲ್ಲಿತ್ತು! ಮಾತ್ರೆ, ಒಂದಿಷ್ಟು ಬಿಸ್ಕತ್ತು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅದೇ ದಿನ ಮದುವೆ ಮುಹೂರ್ತ ಇದ್ದರೆ ಹಿಂದಿನ ದಿನವೇ ಹೊರಡಿ.