ಬಿಹೇವಿಯರ್ ಪ್ಲಾನ್ ಬರೆಯುವುದು ಹೇಗೆ? ಮೊದಲು ಕಾರಣ, ಆಮೇಲೆ ಬಹುಮಾನ

ಆಟಿಸಂ ಇರುವ ಮಕ್ಕಳಿಗೆ ಕೆಲವು ಥೆರಪಿ ಸೆಂಟರ್‌ಗಳು ಬರೆದುಕೊಡುವ ಬಿಹೇವಿಯರ್ ಪ್ಲಾನ್, ಅಂದರೆ ತೊಂದರೆ ಕೊಡುವ ವರ್ತನೆ ಬದಲಿಸಲು ಏನೇನು ಮಾಡಬೇಕು ಅನ್ನುವ ಬರಹ, ನೋಡಿದ್ದೀರಾ? ಹೆಸರು ಮಾತ್ರ ಬೇರೆ, ಉಳಿದದ್ದೆಲ್ಲ ಪಕ್ಕದ ಮಗುವಿನದ್ದೇ. ಒಂದು ಕಡೆ ಹುಡುಗಿಯ ಫೈಲಿನಲ್ಲಿ ‘ಅವನು’ ಅಂತಲೇ ಉಳಿದಿತ್ತು! ಹೊಸದಾಗಿ ಈ ಕೆಲಸಕ್ಕೆ ಬಂದವರು ದಯವಿಟ್ಟು ಕಾಪಿ ಹೊಡೆಯಬೇಡಿ.

ಹೆಜ್ಜೆ 1: ಮೊದಲು ಡಾಕ್ಟರ್. ಹಲ್ಲುನೋವಿಗೋ ಕಿವಿನೋವಿಗೋ ತಲೆ ಚಚ್ಚಿಕೊಳ್ಳುವ ಮಗುವಿಗೆ ಸ್ಟಿಕ್ಕರ್ ಚಾರ್ಟ್ (ಸರಿಯಾಗಿ ನಡೆದುಕೊಂಡಾಗಲೆಲ್ಲ ಬಹುಮಾನವಾಗಿ ಒಂದು ಸ್ಟಿಕ್ಕರ್) ಮದ್ದಲ್ಲ.

ಹೆಜ್ಜೆ 2: ಏನು ಬದಲಾಗಬೇಕು ಅಂತ ನಿರ್ಧರಿಸಿ. ಕೈ ಬೀಸುವುದು, ಕೂತಲ್ಲೇ ತೂಗುವುದು ಯಾರಿಗೂ ಪೆಟ್ಟು ಮಾಡದಿದ್ದರೆ ಸುಮ್ನೆ ಬಿಟ್ಟುಬಿಡಿ. ‘ಮದುವೆಮನೆಯಲ್ಲಿ ನಾಚಿಕೆ ಆಗುತ್ತೆ’ ಅನ್ನುವುದು ದೊಡ್ಡವರ ತೊಂದರೆ.

ಹೆಜ್ಜೆ 3: ಕಾರಣ ಹುಡುಕಿ. ಎಡವುವವರು ಜಾಸ್ತಿ ಇಲ್ಲೇ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಆ್ಯಪ್ ಬೇಡ, ಅಡುಗೆಮನೆಯಲ್ಲಿ ಪೆನ್ಸಿಲ್ಲೇ ವಾಸಿ. ‘ಹಠ ಮಾಡಿದ’ ಅಂತ ಬರೆಯಬೇಡಿ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ಉದಾಹರಣೆಗೆ, ಮಗು ಊಟದ ತಟ್ಟೆ ಎಸೆಯುತ್ತಾನೆ ಅಂದುಕೊಳ್ಳಿ. ಎಲ್ಲರೂ ‘ಅನ್ನ ಸೇರಲ್ಲ’ ಅನ್ನುತ್ತಾರೆ. ನೋಟ್‌ಬುಕ್ ಬೇರೆಯೇ ಹೇಳುತ್ತದೆ: ಕುಕ್ಕರ್ ಸೀಟಿ ಹೊಡೆಯಿತು, ತಟ್ಟೆ ಎಸೆದ, ಅಮ್ಮ ಎತ್ತಿಕೊಂಡು ಹಾಲ್‌ಗೆ ಹೋದರು. ಕುಕ್ಕರ್ ಇಲ್ಲದ ದಿನ ತಟ್ಟೆ ಅಲ್ಲಾಡಲಿಲ್ಲ. ಅವನಿಗೆ ಬೇಡದ್ದು ಆ ಸದ್ದು, ಅನ್ನ ಅಲ್ಲ. ಇಂಥ ಕಡೆ ‘ಎಸೆಯದಿದ್ದರೆ ಚಾಕೊಲೇಟ್’ ಅಂದರೆ ಕಿವಿಯ ಹಿಂಸೆ ಸಹಿಸು ಅಂತ ಲಂಚ ಕೊಟ್ಟಂತೆ, ಅಲ್ವಾ? ಅಡುಗೆ ಮುಗಿಸಿ ಊಟಕ್ಕೆ ಕೂರಿಸಿ. ಜೊತೆಗೆ ‘ಆಚೆ ಹೋಗಬೇಕು’ ಅಂತ ಹೇಳಲು ಒಂದು ಚಿತ್ರದ ಕಾರ್ಡ್ ಕಲಿಸಿ. ಎಸೆದರೆ ಸಿಗುತ್ತಿದ್ದದ್ದು ಕೇಳಿದರೇ ಸಿಗುವ ಹಾಗೆ ಮಾಡುವ ಈ ದಾರಿಯನ್ನು ಮನೋವಿಜ್ಞಾನಿಗಳಾದ ಕಾರ್ ಮತ್ತು ಡ್ಯುರಾಂಡ್ 1985ರಲ್ಲೇ ತೋರಿಸಿದ್ದಾರೆ. ಮಗು ಕಾರ್ಡ್ ತೋರಿಸಿದಾಗ ‘ಇನ್ನೆರಡು ತುತ್ತು’ ಅಂತ ಚೌಕಾಸಿ ಬೇಡ, ತಕ್ಷಣ ಆಚೆ ಕರೆದುಕೊಂಡು ಹೋಗಿ. ಹತ್ತು ಸಲ ತೋರಿಸಿದರೆ ಹತ್ತು ಸಲವೂ.

ಹೆಜ್ಜೆ 4: ಬಹುಮಾನ. ಊಟ, ನೀರು, ಅಮ್ಮನ ಮಡಿಲು ಮಗುವಿನ ಹಕ್ಕು, ಅವನ್ನು ಪಣಕ್ಕಿಡಬೇಡಿ. ಆನ್‌ಲೈನ್‌ನಲ್ಲಿ ಸಿಗುವ ‘ರಿವಾರ್ಡ್ ಕಿಟ್’ಗೆ ದುಡ್ಡು ಸುರಿಯಬೇಡಿ. ಅರ್ಧ ಮಕ್ಕಳು ಅದರ ಡಬ್ಬಿ ಜೊತೆಗೇ ಆಡುತ್ತಾರೆ.

ಹೆಜ್ಜೆ 5: ಒಪ್ಪಿಗೆ. ತಂದೆತಾಯಿಗೆ ತಿಳಿಯುವ ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಆಮೇಲೆ ಸಹಿ. ಯಾವಾಗ ಬೇಕಾದರೂ ನಿಲ್ಲಿಸಬಹುದು ಅನ್ನುವುದೂ ಅದರಲ್ಲಿರಲಿ. ಮಗುವಿಗೂ ಮಾತಿದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಗುವಿಗೂ ಕೊಟ್ಟಿದೆ. ಕೈ ಹಿಂದಕ್ಕೆಳೆದುಕೊಂಡು ಬಾಗಿಲ ಕಡೆ ಹೊರಟರೆ ಅದೂ ಉತ್ತರವೇ. ಅವತ್ತಿನ ಸೆಷನ್ ನಿಲ್ಲಿಸಿ, ಯಾಕೆ ನಿಲ್ಲಿಸಿದಿರಿ ಅಂತ ಫೈಲಿನಲ್ಲಿ ಬರೆಯಿರಿ.