ನಕ್ಷತ್ರ ನೋಡಲು ಹೊರಟಿದ್ದೀರಾ? ಉಳಿಯುವ ಜಾಗವನ್ನು ಹೀಗೆ ಆರಿಸಿ

ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ ಕೋಣೆ ಸಿಕ್ಕಿತು ಎಂದರೆ ಕತ್ತಲೆಯೂ ಸಿಕ್ಕಂತೆ ಎಂದುಕೊಂಡು ಹೊರಡುವವರನ್ನು ತುಂಬಾ ನೋಡಿದ್ದೇನೆ. ಕಾಡೇನೋ ಕತ್ತಲಾಗಿಯೇ ಇರುತ್ತದೆ. ಆದರೆ ವನ್ಯಪ್ರಾಣಿಗಳಿರುವ ಹಲವು ಉದ್ಯಾನಗಳ ಗೇಟು ಸಂಜೆಗೇ ಮುಚ್ಚುತ್ತದೆ. ಅಲ್ಲಿಂದ ಮುಂದೆ ಬೆಳಗಿನವರೆಗೆ ನಿಮ್ಮ ಪಾಲಿಗೆ ಉಳಿಯುವುದು ತಂಗಿದ ಜಾಗದ ಅಂಗಳದ ಮೇಲಿನ ಆಕಾಶ ಮಾತ್ರ. ಆ ಅಂಗಳದಲ್ಲಿ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಪಕ್ಕದಲ್ಲಿ ಎಷ್ಟು ದೊಡ್ಡ ಕಾಡಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಉದ್ಯಾನವನ್ನು ಆರಿಸಲು ಕೊಡುವಷ್ಟೇ ಗಮನವನ್ನು ಅಂಗಳಕ್ಕೂ ಕೊಡಿ.

ಮೊದಲು ದಿನ, ಆಮೇಲೆ ಕೋಣೆ

ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನೇ ಹಿಡಿಯಿರಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಶುಕ್ಲ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಬಹುಳ ಅಷ್ಟಮಿಯವನು ಆ ಹೊತ್ತಿಗೆ ಹುಟ್ಟುತ್ತಾನೆ. ಬೇಗ ಮಲಗುವವರಿಗೆ ಅಮಾವಾಸ್ಯೆಗೆ ಮುಂಚಿನ ದಿನಗಳು ಅನುಕೂಲ.

ನಕ್ಷೆ ನೋಡಿ, ಪೂರ್ತಿ ನಂಬಬೇಡಿ

ಆಕಾಶದ ಕತ್ತಲನ್ನು 1ರಿಂದ 9ರವರೆಗೆ ಅಳೆಯುವ ಬಾರ್ಟಲ್ ಮಾಪಕವನ್ನು ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದರು. 1 ಎಂದರೆ ಅತಿ ಕತ್ತಲೆ, 9 ಎಂದರೆ ಮಹಾನಗರದ ನಡುಮಧ್ಯ. ಅಂತರ್ಜಾಲದ ಬೆಳಕು ಮಾಲಿನ್ಯ ನಕ್ಷೆಗಳಲ್ಲಿ 3 ಅಥವಾ 4 ಇರುವ ಜಾಗ ಸಿಕ್ಕರೆ ಸಾಕು, ಕ್ಷೀರಪಥ ಚೆನ್ನಾಗಿಯೇ ಕಾಣುತ್ತದೆ. 1ರ ಬೆನ್ನು ಹತ್ತಿ ದಿನಗಟ್ಟಲೆ ಪ್ರಯಾಣ ಮಾಡಬೇಕಿಲ್ಲ.

ಆದರೆ ಇಂಥ ಹಲವು ನಕ್ಷೆಗಳಿಗೆ ಮಾಹಿತಿ ಕೊಡುವುದು ವಿಐಐಆರ್‌ಎಸ್ ಎಂಬ ಉಪಗ್ರಹ ಉಪಕರಣ. ಅದು ಹಾದುಹೋಗುವುದು ನಡುರಾತ್ರಿ ಕಳೆದು ಸುಮಾರು ಒಂದೂವರೆಗೆ. ಅಷ್ಟು ಹೊತ್ತಿಗೆ ಅರ್ಧ ಊರು ದೀಪ ಆರಿಸಿ ಮಲಗಿರುತ್ತದೆ. ಜೊತೆಗೆ, ಬಿಳಿ ಎಲ್‌ಇಡಿಗಳು ಚೆಲ್ಲುವ ನೀಲಿ ಬೆಳಕು ಅದಕ್ಕೆ ಕಾಣುವುದೇ ಇಲ್ಲ. ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನು ಬೆಳ್ಳಗೆ ಮಾಡುವುದೇ ಆ ನೀಲಿ. ಹೀಗಾಗಿ ಹೊಸದಾಗಿ ಎಲ್‌ಇಡಿ ಬೀದಿದೀಪ ಹಾಕಿಸಿಕೊಂಡ ಊರು ನಕ್ಷೆಯಲ್ಲಿ ಕಾಣುವುದಕ್ಕಿಂತ ಜೋರಾಗಿ ಬೆಳಗುತ್ತಿರುತ್ತದೆ. ನಕ್ಷೆ 3 ಎಂದರೆ 4 ಎಂದುಕೊಂಡೇ ಲೆಕ್ಕ ಹಾಕಿ.

ರಾತ್ರಿಯ ಕತ್ತಲನ್ನು ಕಾಪಾಡಿಕೊಳ್ಳುವ ಜಾಗಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಯೊಂದು ಕೊಡುವ ‘ಡಾರ್ಕ್ ಸ್ಕೈ’ ಮನ್ನಣೆ ಪಡೆದ ಉದ್ಯಾನವಾದರೆ ಒಳ್ಳೆಯದು. ಅಮೆರಿಕದ ಯೂಟಾದಲ್ಲಿರುವ ನ್ಯಾಚುರಲ್ ಬ್ರಿಡ್ಜಸ್ 2007ರಲ್ಲಿ ಇಂಥ ಮೊದಲ ಉದ್ಯಾನವಾಯಿತು. ಭಾರತದಲ್ಲಿ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರಲ್ಲಿ ಆ ಮನ್ನಣೆ ಸಿಕ್ಕಿತು. ಆದರೆ ಮನ್ನಣೆ ಇರುವುದು ಗಡಿಯೊಳಗಿನ ಜಾಗಕ್ಕೆ. ಅದರ ಹೆಸರು ಹಾಕಿಕೊಂಡು ಜಾಹೀರಾತು ಕೊಡುವ ಹೊರಗಿನ ರೆಸಾರ್ಟ್‌ನ ದೀಪಗಳಿಗೆ ಅದು ಖಾತರಿಯಲ್ಲ.

ದೀಪ: ಬಹುಪಾಲು ಜನ ಎಡವುವುದು ಇಲ್ಲೇ

ಫೋನ್ ಮಾಡಿ ‘ಅಲ್ಲಿ ಕತ್ತಲೆ ಇರುತ್ತಾ?’ ಎಂದು ಕೇಳಬೇಡಿ. ಎಲ್ಲರೂ ‘ಫುಲ್ ಕತ್ತಲೆ ಸರ್’ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ದಿನವೂ ಅದೇ ದೀಪಗಳ ನಡುವೆ ಓಡಾಡುವವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ. ಕೇಳಬೇಕಾದದ್ದು ಹೀಗೆ: ‘ರಾತ್ರಿ ಹತ್ತರ ನಂತರ ಹೊರಗಡೆ ಯಾವ ಯಾವ ದೀಪ ಉರಿಯುತ್ತಿರುತ್ತದೆ?’ ಆಗ ಒಂದೊಂದಾಗಿ ಹೊರಬರುತ್ತದೆ. ಗೇಟಿನದು, ಕಾಲುದಾರಿಯದು, ಈಜುಕೊಳದ್ದು, ಹೆಸರಿನ ಫಲಕದ್ದು, ಮರಕ್ಕೆ ಸುತ್ತಿದ ಸೀರಿಯಲ್ ಸೆಟ್ಟಿನದು.

ಎರಡನೇ ಪ್ರಶ್ನೆ: ಅವನ್ನು ಆರಿಸುವವರು ಯಾರು, ಸ್ವಿಚ್ ಎಲ್ಲಿದೆ? ಈಗ ಎಷ್ಟೋ ಕಡೆ ಹೊರಗಿನ ದೀಪಗಳು ಸೆನ್ಸರ್‌ಗೆ ಜೋಡಿಸಿದವು. ಕತ್ತಲಾದೊಡನೆ ತಾವೇ ಹೊತ್ತಿಕೊಳ್ಳುತ್ತವೆ, ರಾತ್ರಿ ಪಾಳಿಯ ಹುಡುಗನ ಕೈಯಲ್ಲಿ ಅವನ್ನು ಆರಿಸುವ ಅಧಿಕಾರವೂ ಇರುವುದಿಲ್ಲ, ಸ್ವಿಚ್ಚೂ ಇರುವುದಿಲ್ಲ. ‘ಬಂದಾಗ ನೋಡೋಣ’ ಎಂಬ ಉತ್ತರ ಬಂದರೆ ಆ ಜಾಗ ಬಿಡಿ. ಸಾಧ್ಯವಾದರೆ ಮಾಲೀಕರ ಹತ್ತಿರವೇ ಮಾತಾಡಿ, ಒಪ್ಪಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಮೂರನೆಯದು ಪಕ್ಕದ ಕೋಣೆಯ ಜಗಲಿ ದೀಪ. ದೊಡ್ಡ ಕಂಬದ ದೀಪಗಳೆಲ್ಲ ಆರಿದ ಮೇಲೂ, ಮುಚ್ಚಳವಿಲ್ಲದ ಒಂದು ಬಲ್ಬು ಕಣ್ಣಿನ ಮಟ್ಟದಲ್ಲಿ ಉರಿಯುತ್ತಿದ್ದರೆ ನೋಟ ಅಲ್ಲಿಗೆ ಮುಗಿಯಿತು. ಪಾಪೆ ಬೇಗನೆ ಹಿಗ್ಗಬಹುದು. ಆದರೆ ಮಂದ ಬೆಳಕನ್ನು ಹಿಡಿಯುವ ಅಕ್ಷಿಪಟಲದ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಮ್ಮೆ ಬಿಳಿ ಬೆಳಕು ಬಿತ್ತೆಂದರೆ ಮತ್ತೆ ಮೊದಲಿನಿಂದ ಕಾಯಬೇಕು. ಆದ್ದರಿಂದ ಸಾಲಾಗಿ ಕಟ್ಟಿದ ಕೋಣೆಗಳಿಗಿಂತ ಒಂಟಿ ಮನೆ ಮೇಲು. ಸಾಲೇ ಗತಿಯಾದರೆ ಕೊನೆಯ ಕೋಣೆ ಕೇಳಿ, ಅದೂ ಕಾರು ನಿಲ್ಲಿಸುವ ಜಾಗಕ್ಕೆ ಬೆನ್ನು ಹಾಕಿರುವುದು. ತಡವಾಗಿ ಬರುವ ಒಂದೇ ಕಾರಿನ ಹೆಡ್‌ಲೈಟ್ ಅರ್ಧ ಗಂಟೆ ತಿಂದುಹಾಕುತ್ತದೆ.

ಬುಕಿಂಗ್ ತಾಣದಲ್ಲಿ ಮಾಲೀಕರು ಹಾಕಿದ ಚಿತ್ರಗಳನ್ನು ಬಿಟ್ಟು ಅತಿಥಿಗಳು ಸಂಜೆ, ರಾತ್ರಿ ತೆಗೆದ ಚಿತ್ರಗಳನ್ನು ಹುಡುಕಿ. ಹಿನ್ನೆಲೆಯಲ್ಲಿ ಎಲ್ಲ ದೀಪಗಳೂ ಸಿಕ್ಕಿಬಿದ್ದಿರುತ್ತವೆ. ಕೋಣೆಯ ಮೇಲೆ ಕ್ಷೀರಪಥ ಕಮಾನು ಕಟ್ಟಿರುವ ಜಾಹೀರಾತು ಚಿತ್ರವನ್ನು ನೋಡಿ ಕಾಸು ಕಟ್ಟಬೇಡಿ. ಅಂಥವು ಹೆಚ್ಚಾಗಿ ಹಲವು ಚಿತ್ರಗಳನ್ನು ಜೋಡಿಸಿ ಮಾಡಿದವು, ಬರಿಗಣ್ಣಿಗೆ ಎಲ್ಲಿಯೂ ಹಾಗೆ ಕಾಣುವುದಿಲ್ಲ.

ಆಕಾಶ ಎಷ್ಟು ತೆರೆದಿದೆ?

ಕಾಡಿನ ನಡುವೆ, ಮರಗಳ ನೆರಳಿನಲ್ಲಿ ಎಂಬ ವರ್ಣನೆ ಹಗಲಿಗೆ ಚೆಂದ. ರಾತ್ರಿ ನೋಡುವವರಿಗೆ ತಲೆಯ ಮೇಲೆ ಬರೀ ಎಲೆ. ಕ್ಷೀರಪಥದ ನಡುಭಾಗ ಧನು ರಾಶಿಯ ದಿಕ್ಕಿನಲ್ಲಿದೆ. ಉತ್ತರ ಅಕ್ಷಾಂಶ 15 ಡಿಗ್ರಿಯಲ್ಲಿರುವವರಿಗೆ ಅದು ದಕ್ಷಿಣದಲ್ಲಿ ಸುಮಾರು 46 ಡಿಗ್ರಿ ಎತ್ತರಕ್ಕೆ ಬರುತ್ತದೆ, 40 ಡಿಗ್ರಿಯಲ್ಲಿರುವವರಿಗೆ ಬರೀ 21. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ, ಅಂದರೆ ಅಲ್ಲಿ ಎರಡೇ ಮುಷ್ಟಿ ಎತ್ತರ. ದಕ್ಷಿಣಕ್ಕೆ ಒಂದು ಗುಡ್ಡವೋ ಮರದ ಸಾಲೋ ಇದ್ದರೆ ಮುಗಿದೇಹೋಯಿತು. ದಕ್ಷಿಣ ಗೋಳಾರ್ಧದವರಿಗೆ ಈ ಚಿಂತೆ ಕಡಿಮೆ, ಅದು ಅವರ ನೆತ್ತಿಯ ಹತ್ತಿರವೇ ಹಾಯುತ್ತದೆ. ಉಳಿದವರು ಅಂಗಳದ ನಡುವೆ ನಿಂತು ದಕ್ಷಿಣಕ್ಕೆ ಮುಖ ಮಾಡಿ ಹಗಲಲ್ಲಿ ತೆಗೆದ ಒಂದು ಚಿತ್ರ ಕಳಿಸಿ ಎಂದು ಕೇಳಿ. ಹತ್ತಿರದ ಪಟ್ಟಣವೂ ಅದೇ ದಿಕ್ಕಿಗಿದ್ದರೆ ಬೇರೆ ಜಾಗ ಹುಡುಕಿ. ಪಟ್ಟಣ ಬೆನ್ನ ಹಿಂದಿರಲಿ.

ಕೆರೆ ದಂಡೆ, ಕಣಿವೆಯ ತಳ ಬೇಡ. ತಂಪು ಗಾಳಿ ಅಲ್ಲೇ ಇಳಿದು ನಿಲ್ಲುತ್ತದೆ, ಮಂಜು ಅಲ್ಲೇ ಮೊದಲು ಕಟ್ಟುತ್ತದೆ.

ಗಾಜಿನ ಗುಮ್ಮಟದ ಕೋಣೆಗಳ ಬಗ್ಗೆ ಕೇಳುವವರು ಬಹಳ. ತೆಗೆದುಕೊಳ್ಳಬೇಡಿ. ಒಳಗಿನ ಚಿಕ್ಕ ದೀಪವೂ ಗಾಜಿನಲ್ಲಿ ಪ್ರತಿಫಲಿಸುತ್ತದೆ, ಹೊರಗೆ ಇಬ್ಬನಿ ಬಿದ್ದರೆ ನಕ್ಷತ್ರವೆಲ್ಲ ಕಲೆಸಿಹೋಗುತ್ತದೆ. ಅದೇ ಹಣಕ್ಕೆ ಒಳ್ಳೆಯ ಬೈನಾಕ್ಯುಲರ್ ಬರುತ್ತದೆ. 7x50 ಅಥವಾ 10x50 (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ) ಕೊಂಡುಕೊಂಡು ಬಯಲಿರುವ ಸಾದಾ ಕೋಣೆಯಲ್ಲಿ ಉಳಿಯಿರಿ. ‘ನಮ್ಮಲ್ಲಿ ಟೆಲಿಸ್ಕೋಪ್ ಇದೆ’ ಎನ್ನುವವರನ್ನು ಅದನ್ನು ಯಾರು ತೋರಿಸುತ್ತಾರೆ ಎಂದು ಕೇಳಿ. ಅಲುಗಾಡುವ ಸ್ಟ್ಯಾಂಡಿನ ಮೇಲಿನ ಆಟಿಕೆ ಟೆಲಿಸ್ಕೋಪ್ ಅಲಂಕಾರಕ್ಕಷ್ಟೇ. ಕತ್ತಲೆಗೆ ಒಗ್ಗಿದ ಕಣ್ಣನ್ನು ಅಷ್ಟಾಗಿ ಕೆಡಿಸದ ಕೆಂಪು ದೀಪದ ಹೆಡ್‌ಟಾರ್ಚ್ ಕೊಳ್ಳುವಾಗಲೂ ಅಂಗಡಿಯಲ್ಲೇ ಒತ್ತಿ ನೋಡಿ. ಅಗ್ಗದವು ಹಲವು ಮೊದಲು ಬಿಳಿ ಹೊತ್ತಿ, ಆಮೇಲೆ ಕೆಂಪಿಗೆ ಬರುತ್ತವೆ.

ರಾತ್ರಿ ಕಾರು ತೆಗೆಯಬೇಕಾದ ಜಾಗ ಬೇಡ

ಊರಲ್ಲಿ ಅಗ್ಗದ ಹೋಟೆಲು, ನೋಡಲು ಮಾತ್ರ ಕಾಡಂಚಿಗೆ ಎಂಬ ಯೋಜನೆ ಬಿಟ್ಟುಬಿಡಿ. ನಡುರಾತ್ರಿ ಎರಡಕ್ಕೆ, ನಿದ್ದೆಗಣ್ಣಲ್ಲಿ, ಪ್ರಾಣಿಗಳು ಅಡ್ಡ ಬರುವ ರಸ್ತೆಯಲ್ಲಿ ಕಾರು ಓಡಿಸುವುದು ನಿಮಗೂ ಅವಕ್ಕೂ ಅಪಾಯ. ಹಾಸಿಗೆಯಿಂದ ಎದ್ದು ಇಪ್ಪತ್ತು ಹೆಜ್ಜೆಗೆ ಆಕಾಶ ಸಿಗಬೇಕು. ಆ ಇಪ್ಪತ್ತು ಹೆಜ್ಜೆ ಬೇಲಿಯ ಒಳಗೇ ಇದೆಯೇ, ರಾತ್ರಿ ಹೊರಗೆ ಕೂರಲು ಬಿಡುತ್ತಾರೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಹೊರಬರಬಾರದು ಎಂಬ ನಿಯಮ ಎಷ್ಟೋ ಕಡೆ ಇದೆ. ನಿಯಮ ಸರಿಯಾದದ್ದೇ, ಆದರೆ ಕೋಣೆ ಹಿಡಿಯುವ ಮುಂಚೆ ಗೊತ್ತಿರಬೇಕು.

ಕೊನೆಗೆ ಮೋಡ. ಒಂದೇ ರಾತ್ರಿಗೆ ಹೋಗಬೇಡಿ, ಎರಡೋ ಮೂರೋ ರಾತ್ರಿ ಹಿಡಿಯಿರಿ. ಹೊರಡುವ ಹಿಂದಿನ ದಿನದವರೆಗೆ ರದ್ದು ಮಾಡಲು ಬಿಡುವ ಜಾಗಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೋಣೆ ಬಿಡುವ ಸಮಯ ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳಿ, ಬೆಳಗ್ಗೆ ಬಾಗಿಲು ತಟ್ಟಬೇಡಿ ಎಂದು ರಾತ್ರಿಯೇ ಹೇಳಿಡಿ.