ಹಡಗಿನ ಪಂಪಿಗೆ ತುಮಕೂರಿನ ರಿಂಗು: ಹಂಚಿಕೊಂಡ ಶೀಟಿನಲ್ಲಿ ನಾವು ಕೆಲಸ ಮಾಡುವ ರೀತಿ

ವಸಂತನರಸಾಪುರದ ನಮ್ಮ ಶೆಡ್ಡಿನಲ್ಲಿ ನೌಕಾಪಡೆ ಹಡಗುಗಳ ಸಮುದ್ರನೀರಿನ ಪಂಪುಗಳಿಗೆ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ವೇರ್ ರಿಂಗು (ತಿರುಗುವ ಭಾಗಕ್ಕೂ ಕವಚಕ್ಕೂ ನಡುವೆ ಸವೆಯಲೆಂದೇ ಇರುವ ಬಳೆ), ಶಾಫ್ಟ್ ಸ್ಲೀವು (ಶಾಫ್ಟಿನ ಮೇಲಿನ ತೋಳು) ಲೇತಿನಲ್ಲಿ ಟರ್ನಿಂಗ್ ಮಾಡುತ್ತೇವೆ. ಇದರಲ್ಲಿ ಡ್ರಾಯಿಂಗಿನ ಅಳತೆ ನಂಬಿ ಲೇತ್ ಶುರು ಮಾಡಿದರೆ ಕೆಲಸ ಕೆಟ್ಟಂತೆಯೇ. ಹಿಂದಿನ ರಿಪೇರಿಯಲ್ಲಿ ಯಾರೋ ಇಂಪೆಲ್ಲರಿನ (ನೀರು ತಳ್ಳುವ ಚಕ್ರದ) ನಡುವಿನ ಹಬ್ ಭಾಗವನ್ನು ಸ್ವಲ್ಪ ತೆಗೆದಿರುತ್ತಾರೆ, ಕೇಸಿಂಗಿನ (ಹೊರಕವಚದ) ಬೋರು, ಅಂದರೆ ಒಳರಂಧ್ರ, ಉಪ್ಪುನೀರಿಗೆ ತಿಂದುಹೋಗಿರುತ್ತದೆ. ಪಂಪು ಬಿಚ್ಚಿದಾಗ ಸಿಕ್ಕ ಅಳತೆಯೇ ನಮಗೆ ಬೇಕಾದದ್ದು.

ಅದಕ್ಕೇ ಹಡಗು ರಿಪೇರಿ ಮಾಡುವ ಯಾರ್ಡಿನವರಿಗೂ ನಮಗೂ ಕಂಪ್ಯೂಟರಿನಲ್ಲಿ ಒಂದೇ ಶೀಟು. ಒಂದು ಭಾಗಕ್ಕೆ ಒಂದು ಸಾಲು: ಜಾಬ್ ನಂಬರು, ಡ್ರಾಯಿಂಗ್ ರಿವಿಷನ್ (ಎಷ್ಟನೇ ತಿದ್ದುಪಡಿ), ಬಿಚ್ಚಿದಾಗಿನ ಅಳತೆ, ಲೋಹದ ಹೀಟ್ ನಂಬರು (ಯಾವ ಎರಕದ ಕಂತು), ಅಳೆದಾಗಿನ ಉಷ್ಣತೆ. ವ್ಯಾಸವನ್ನು ಎರಡೂ ತುದಿಯಲ್ಲಿ, ಒಂದಕ್ಕೊಂದು 90 ಡಿಗ್ರಿಯಲ್ಲಿ ಎರಡೆರಡು ಸಲ ತೆಗೆದುಕೊಳ್ಳಬೇಕು, ಒಟ್ಟು ನಾಲ್ಕು ಅಳತೆ. ಸವೆದ ಬೋರು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಒಂದೇ ಅಳತೆ ಬರೆದರೆ ಅದು ಗೊತ್ತೇ ಆಗುವುದಿಲ್ಲ. ಕ್ಲಿಯರೆನ್ಸು (ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವಿನ ಸಂದು) ಮೊದಲಿನ ಎರಡರಷ್ಟಾಗಿದ್ದರೆ ರಿಂಗು ಬದಲಾಯಿಸುವುದು ಸಾಮಾನ್ಯ ಲೆಕ್ಕ.

ಉಷ್ಣತೆಯ ಕಾಲಂ ಯಾಕೆ ಎಂದು ಹೊಸಬರು ಕೇಳುತ್ತಾರೆ. 120 ಮಿ.ಮೀ. ವ್ಯಾಸದ ರಿಂಗು ಲೇತಿನಿಂದ ಇಳಿಯುವಾಗ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ವ್ಯಾಸ ಸುಮಾರು 0.04 ಮಿ.ಮೀ. ಹೆಚ್ಚು ತೋರಿಸುತ್ತದೆ. ಆ ಬಿಸಿಯಲ್ಲೇ ಅಳೆದು ಪಾಸು ಮಾಡಿದರೆ, ಯಾರ್ಡಿನಲ್ಲಿ ಕೂರಿಸುವಾಗ ತಣ್ಣಗಾದ ರಿಂಗು ಸಡಿಲ. ತೊಳೆದು ಸರ್ಫೇಸ್ ಪ್ಲೇಟಿನ (ಅಳತೆಗೆ ಬಳಸುವ ಸಮತಟ್ಟು ಹಲಗೆ) ಮೇಲಿಟ್ಟು, ಮೈಕ್ರೋಮೀಟರೂ ರಿಂಗೂ ಒಂದೇ ತಾಪಕ್ಕೆ ಬಂದ ಮೇಲೇ ಅಳೆಯುತ್ತೇವೆ. ಫೋಟೋದಲ್ಲಿ ಮೈಕ್ರೋಮೀಟರಿನ ಗೆರೆ ಓದುವಂತಿರಬೇಕು, ರಿಂಗಿನ ಮೇಲೆ ಚಾಕಿನಲ್ಲಿ ಬರೆದ ಜಾಬ್ ನಂಬರು ಅದೇ ಚೌಕಟ್ಟಿನಲ್ಲಿ ಕಾಣಬೇಕು.

ಯಾರ್ಡು ಒಪ್ಪಿದ ಅಳತೆಯ ಕೋಶಕ್ಕೆ ಬೀಗ. ಬದಲಾವಣೆ ಬಂದರೆ ಹೊಸ ಸಾಲು, ಹಳೆಯದನ್ನು ಅಳಿಸುವಂತಿಲ್ಲ. ಕರೆಂಟು ಹೋಗುವ ಊರು ನಮ್ಮದು, ಹಾಗಾಗಿ ಅಳತೆ ಬರೆದಿಡಲು ಲೇತಿನ ಪಕ್ಕ ರಟ್ಟಿನ ಕಾರ್ಡು ಇದ್ದೇ ಇದೆ. ಶಿಫ್ಟು ಮುಗಿಯುವ ಮೊದಲು ಒಬ್ಬರೇ ಅದನ್ನು ಶೀಟಿಗೆ ಏರಿಸುತ್ತಾರೆ. ಇಬ್ಬರು ಏರಿಸಿದರೆ ಸಾಲು ಎರಡಾಗುತ್ತದೆ.

ಡ್ರಾಯಿಂಗನ್ನು ವಾಟ್ಸಾಪಿನಲ್ಲಿ ಎಂದೂ ಕಳಿಸಬೇಡಿ. ಗೋಪ್ಯತೆಯ ಮಾತು ಹಾಗಿರಲಿ, ಫಾರ್ವರ್ಡ್ ಆದ ಹಳೇ ರಿವಿಷನ್ನು ಮೆಷಿನ್ ಪಕ್ಕ ಅಂಟಿಕೊಂಡೇ ಉಳಿಯುತ್ತದೆ. ಶೀಟು, ಫೋಟೋ ಎಲ್ಲ ಆರ್ಡರು ಕೊಟ್ಟವರು ಒಪ್ಪಿದ ಸರ್ವರಿನಲ್ಲೇ ಇರಬೇಕು. ಹಡಗಿನ ಹೆಸರು ಎಲ್ಲೂ ಬೇಡ, ಕ್ಯಾಮೆರಾದ ಲೊಕೇಶನ್ ಆಫ್ ಆಗಿರಲಿ.

ಕೊನೇ ಕಾಲಂ ಯಾರ್ಡಿನದು: ಜೋಡಿಸಿದ ಮೇಲಿನ ಕ್ಲಿಯರೆನ್ಸು. ಹಡಗು ಹೊರಡುವ ಗಡಿಬಿಡಿಯಲ್ಲಿ ಇದು ಖಾಲಿ ಉಳಿಯುತ್ತದೆ. ನಾವು ಬಿಡದೆ ಕೇಳಿ ತುಂಬಿಸಿಕೊಳ್ಳುತ್ತೇವೆ, ಮುಂದಿನ ರಿಫಿಟ್ಟಿನಲ್ಲಿ (ಹಡಗಿನ ದೊಡ್ಡ ರಿಪೇರಿಯಲ್ಲಿ) ಸವೆತ ಎಷ್ಟೆಂದು ಲೆಕ್ಕ ಹಾಕಲು ಇರುವುದು ಆ ಅಂಕಿಯೊಂದೇ.